ದ್ರೌಪತಿಯ ದನಿ ಮತ್ತು ಹೊಸ ವೈರು

ಘಾಟಬೋರಾಳದ ದ್ರೌಪತಿಗೆ ಕಂಟಕವಾದದ್ದು ಮೊಳದುದ್ದದ ಒಂದು ವೈರು. ಫೋನಿನಿಂದ ಸ್ಪೀಕರಿಗೆ ಹೋಗುವ ಆ ವೈರು, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೇ ಮುದಿ ಎಮ್ಮೆ ಕೆಮ್ಮಿದ ಹಾಗೆ ಗೊರಗೊರ ಎನ್ನತೊಡಗಿತು.

ಗಂಟಲಿನ ಆಪರೇಶನ್ ಆದ ಮೇಲೆ ದ್ರೌಪತಿಗೆ ಉಳಿದದ್ದು ಪಿಸುಮಾತು ಮಾತ್ರ. ಆಪರೇಶನ್ನಿನ ಹಿಂದಿನ ದಿನ ಬಸವಕಲ್ಯಾಣದ ತಂಗಿಗೆ ವಾಟ್ಸ್ಯಾಪಿನಲ್ಲಿ ಹಾಡಿ ಕಳಿಸಿದ ಹನ್ನೊಂದು ನುಡಿಯ ಜೋಗುಳ ಫೋನಿನಲ್ಲಿತ್ತು. ಕೂಸು ಅದನ್ನು ಕೇಳುತ್ತಲೇ ತೊಟ್ಟಿಲು ಏರಬೇಕೆಂಬುದು ಅವಳ ಹಟ.

ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋಗಿ ಹೊಸ ವೈರು ತಂದಳು. ಅಂಗಡಿಯ ಗೌಸ ಬೆರಳು ಮಡಚಿ ಹೇಳಿದ್ದ: “ಮೊದಲ ಆವಾಜಿನ ಗುಂಡಿ ಪೂರಾ ಇಳಸ್ರಿ ಅಮ್ಮಾ. ಆಮ್ಯಾಲ ಸ್ವಿಚ್ ಬಂದ್. ಆಮ್ಯಾಲ ವೈರ್ ಬದಲಿ. ಚಾಲೂ ಇದ್ದಾಗ ಕಿತ್ರ ಸ್ಪೀಕರ್ ಖತಂ!”

“ಇಷ್ಟಕ್ಕ ಇಷ್ಟು ನಾಜೂಕ ಯಾಕಬೇ? ಹಿಡದು ಎಳಿ, ಹೊಸದು ತುರುಕು!” ಎಂದಳು ನೆರೆಮನೆಯ ಜಗದೇವಿ. ದ್ರೌಪತಿ ಕಿವಿಗೊಡದೆ ಗುಂಡಿ ಇಳಿಸಿದಳು, ಸ್ವಿಚ್ ಆರಿಸಿದಳು, ವೈರು ಬದಲಿಸಿ ಮತ್ತೆ ಸ್ವಿಚ್ ಹಾಕಿದಳು. ಇಳಿಸಿದ ಗುಂಡಿಯನ್ನು ಏರಿಸಬೇಕೆಂದು ಗೌಸನೂ ಹೇಳಿರಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಕೊಡಂಬಲದಿಂದ ಬೀಗರು ಬಂದರು. ದ್ರೌಪತಿ ಹಾಡು ಹಚ್ಚಿದಳು. ಸದ್ದಿಲ್ಲ.

“ಅವ್ವಾ, ಏನೂ ಕೇಳವಲ್ದಲ್ಲಾ!” ಎಂದಳು ಮಗಳು ರತ್ನಮಾಲಾ.

“ಸುಟ್ಟಿರಬೇಕು,” ಜಗದೇವಿಯ ಮುಖ ಅರಳಿತು. “ಇರಲಿ ತಗೋ, ನಾ ಹಾಡ್ತೀನಿ.”

ಹಾಡಿದಳು. ಕೂಸು ಕಿಟಾರನೆ ಚೀರಿತು. ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿ ಮುಗಿಸಿಯೂ ಬಿಟ್ಟಳು. ಅತ್ತ ಫೋನಿನಲ್ಲಿ ಜೋಗುಳ ಯಾರಿಗೂ ಕೇಳದೆ, ನುಡಿಯ ಮೇಲೆ ನುಡಿ ಹರಿದುಹೋಗುತ್ತಿತ್ತು.

ಹಾಡಿ ದಣಿದ ಜಗದೇವಿ ಸ್ಪೀಕರಿನ ಪಕ್ಕ ಕುಳಿತು, “ಇದೇನಬೇ ಇದು?” ಎಂದು ಗುಂಡಿಯನ್ನು ಪೂರ್ತಿ ತಿರುವಿದಳು. ಜೋಗುಳ ಆಗಷ್ಟೇ ಮುಗಿದು, ಅದರ ಬೆನ್ನಿಗೇ ತಂಗಿಗೆ ಮಾತಾಡಿ ಕಳಿಸಿದ್ದ ಇನ್ನೊಂದು ರೆಕಾರ್ಡು ತಾನಾಗಿಯೇ ಶುರುವಾಗಿತ್ತು. ದ್ರೌಪತಿಯ ಹಳೆಯ ಕಂಚಿನ ದನಿ ಓಣಿಗೆಲ್ಲ ಮೊಳಗಿತು:

“ನಮ್ಮ ಬೀಗತಿ ಸುದ್ದಿ ಕೇಳಬ್ಯಾಡ ತಂಗೀ! ಬರೋದು ಒಂದು ಟೆಂಗಿನಕಾಯಿ ಹಿಡ್ಕೊಂಡು, ಉಣ್ಣೋದು ಹತ್ತು ಮಂದಿದು. ರತ್ನಿಗೆ ಹಾಕಿದ ಕಾಲುಂಗುರ ಬೆಳ್ಳೀವು ಅಂದಿದ್ಲು. ತಿಂಗಳಿಗೇ ಹಂಚಿನಂಗ ಕರ್ರಗಾದವು!”

ಚೀರಲು ದ್ರೌಪತಿಗೆ ದನಿಯಿಲ್ಲ. ಓಡಿ ವೈರಿಗೆ ಕೈಹಾಕಿದಳು. ಗೌಸನ ಮಾತು ನೆನಪಾಗಿ ಕೈ ತಡೆಯಿತು. ಫೋನು ಜಗದೇವಿಯ ತೊಡೆಯಡಿ ಸಿಕ್ಕಿತ್ತು, ಗುಂಡಿಯ ಮೇಲೆ ಅವಳ ಕೈ ಹಲ್ಲಿಯ ಹಾಗೆ ಅಂಟಿತ್ತು. “ತಡಿಬೇ, ಈಗ ಚೊಲೊ ಬರಾಕತ್ತದ!” ಸ್ವಿಚ್ಚು ಬೀಗತಿಯ ಬೆನ್ನಹಿಂದಿನ ಗೋಡೆಯಲ್ಲಿತ್ತು.

ಮಾತು ಮುಗಿಯಿತು. ಬೀಗತಿ ಸೆರಗು ಸರಿಮಾಡಿಕೊಂಡು ಎದ್ದಳು.

“ಸ್ಪೀಕರ್ ಭಾಳ ಚೊಲೊ ಅದರಿ ಬೀಗತ್ಯಾರ. ಒಂದು ಅಕ್ಷರ ತಪ್ಪಲಿಲ್ಲ. ರತ್ನಮಾಲಾ, ಬಟ್ಟಿ ಕಟ್ಟು. ಕೂಸು ಇವತ್ತೇ ನಮ್ಮನಿಗೆ.”

ಎಲ್ಲರೂ ಹೋದ ಮೇಲೆ ದ್ರೌಪತಿ ಬರಿದಾದ ತೊಟ್ಟಿಲ ಪಕ್ಕ ಕುಳಿತು ಜೋಗುಳ ಹಚ್ಚಿದಳು. ಹನ್ನೊಂದೂ ನುಡಿ ಸ್ವಚ್ಛವಾಗಿ ಕೇಳಿದವು. ಹೊಸ ವೈರು ಒಮ್ಮೆಯೂ ಗೊರ್ ಎನ್ನಲಿಲ್ಲ.