ಕೆಲಸದ ವೇಳೆಯಲ್ಲೇ ಕೆಲಸ ಮಾಡಿದ ಇಸಬ್‌ಗೋಲ್ ಹೊಟ್ಟಿನವರಿಗೆ

ಮಾನ್ಯ ಇಸಬ್‌ಗೋಲ್ ಹೊಟ್ಟಿನವರೇ,

ಬೀಜದ ಸಿಪ್ಪೆಯಾಗಿ ಹುಟ್ಟಿ, ಡಬ್ಬಿಯೊಳಗೆ ತೂಕವೇ ಇಲ್ಲದಂತೆ ಕುಳಿತು, ಮನುಷ್ಯರ ಅತಿ ಭಾರದ ಸಂಕಟವನ್ನು ಇಳಿಸುವ ತಮಗೆ ಹೊಲಿಗೆ ಕಾರ್ಖಾನೆಯ ಕಾಲರ್ ಸಾಲಿನವಳೊಬ್ಬಳ ನಮಸ್ಕಾರಗಳು. ತಮ್ಮ ಮೇಲೆ ದೂರು ಹೇಳಲು ಸಂಕೋಚವಾಗುತ್ತದೆ. ಆದರೂ ತಮ್ಮಿಂದಾಗಿ ನನ್ನ ಚಿಕ್ಕಮ್ಮನ ಕೆಲಸಕ್ಕೇ ಕುತ್ತು ಬಂದಿರುವುದರಿಂದ ಹೇಳದೆ ವಿಧಿಯಿಲ್ಲ.

ನಮ್ಮ ಹೆಂಗಸರ ಶೌಚಾಲಯದ ಬೀಗದ ಕೈ ಸೂಪರ್‌ವೈಸರ್ ಸಾಹೇಬರ ಕೊರಳಲ್ಲಿ ಪದಕದ ಹಾಗೆ ತೂಗುತ್ತಿರುತ್ತದೆ. ಊಟದ ಬಿಡುವಿನಲ್ಲಿ ಅವರಾಗಿಯೇ ಬಾಗಿಲು ತೆಗೆಸುತ್ತಾರೆ. ಉಳಿದ ಹೊತ್ತಿನಲ್ಲಿ ಬೇಕೆನಿಸಿದವರು ಇಡೀ ಹಾಲ್ ದಾಟಿ, ಅವರ ಮೇಜಿನ ಮುಂದೆ ನಿಂತು, ಏಕೆ ಹೋಗಬೇಕೆಂದು ಎಲ್ಲರಿಗೂ ಕೇಳುವಂತೆ ಅರಿಕೆ ಮಾಡಿಕೊಳ್ಳಬೇಕು. ಈ ಭಾಗ್ಯ ಬೇಡವೆಂದು ನಾವೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಕಾರ್ಖಾನೆ ಓಡುತ್ತಿತ್ತು, ನಮ್ಮ ಕರುಳು ನಿಂತಿತ್ತು.

ಹೊಟ್ಟೆ ಕಲ್ಲಾಗಿದ್ದ ಚಿಕ್ಕಮ್ಮ ತಮ್ಮನ್ನು ಔಷಧಿ ಅಂಗಡಿಯಿಂದ ತಂದರು. ದೊಡ್ಡ ಲೋಟದ ತುಂಬ ನೀರಿನಲ್ಲಿ ಕಲಸಿ ಕುಡಿಯಬೇಕೆಂದು ಅಂಗಡಿಯಾಕೆ ಹೇಳಿಯೇ ಕೊಟ್ಟಿದ್ದಳು. ಅಷ್ಟು ನೀರು ಕುಡಿದರೆ ಬೀಗದ ಕೈ ಕೇಳಬೇಕಾಗುತ್ತದಲ್ಲ ಎಂದು ಚಿಕ್ಕಮ್ಮ ತಮ್ಮನ್ನು ಒಣ ಪುಡಿಯಾಗಿಯೇ ಬಾಯಿಗೆ ಹಾಕಿಕೊಂಡು, ಒಂದೇ ಗುಟುಕು ನೀರಿನಲ್ಲಿ ನುಂಗಿಕೊಂಡರು. ತಾವಾದರೂ ನಮ್ಮಲ್ಲಿನ ಪದ್ಧತಿ ಅರಿತು ನೀರಿಲ್ಲದೆ ದುಡಿಯಬಾರದಿತ್ತೇ? ಒಳಗಿದ್ದ ತೇವವನ್ನೂ ಹೀರಿ, ಊದಿಕೊಂಡು, ಬಿರಡೆಯ ಹಾಗೆ ಕುಳಿತುಬಿಟ್ಟಿರಿ. ಚಿಕ್ಕಮ್ಮ ಮಷೀನಿನ ಮೇಲೆಯೇ ಮಡಚಿಕೊಂಡರು. ಆಸ್ಪತ್ರೆಯಲ್ಲಿ ಆ ತಡೆ ತೆಗೆದ ನರ್ಸಮ್ಮ, "ಅದು ನೀರು ಕುಡಿದು ಉಬ್ಬಿ, ಒಳಗಿರೋದನ್ನ ಮೆತ್ತಗೆ ಮಾಡಿ ಮುಂದಕ್ಕೆ ತಳ್ಳೋದು ಕಣಮ್ಮ. ನೀರೇ ಕೊಡ್ದೆ ಇದ್ರೆ ಅದಾದ್ರೂ ಏನ್ ಮಾಡುತ್ತೆ?" ಎಂದು ತಮ್ಮ ಪರ ವಹಿಸಿದ್ದು ನನಗೆ ಸರಿ ಕಾಣಲಿಲ್ಲ. ನೀರು ಕೊಡದೆ ಕೆಲಸ ತೆಗೆಯುವುದು ಸಾಧ್ಯವೆಂದು ನಾವು ವರ್ಷಗಳಿಂದ ತೋರಿಸುತ್ತ ಬಂದಿದ್ದೇವೆ.

ಆಮೇಲೆ ಚಿಕ್ಕಮ್ಮ ಲೋಟ ತುಂಬ ನೀರಿನಲ್ಲಿಯೇ ತಮ್ಮನ್ನು ಸೇವಿಸತೊಡಗಿದರು. ತಮ್ಮ ಬಳಗದ ಸೋನಾಮುಖಿ ಎಲೆಯವರು ಕರುಳಿಗೆ ಚಾಟಿ ಬೀಸಿ ಓಡಿಸುತ್ತಾರಂತೆ; ಅಂಥವರಿಗೆ ನಮ್ಮಲ್ಲಿ ಸೂಪರ್‌ವೈಸರ್ ಹುದ್ದೆ ಸುಲಭವಾಗಿ ಸಿಗುತ್ತದೆ. ತಾವು ಯಾರನ್ನೂ ಗದರಿಸದೆ, ಸದ್ದಿಲ್ಲದೆ ದಾರಿ ಮಾಡಿಕೊಟ್ಟಿರಿ. ಆದರೆ ಅದನ್ನು ಮಾಡಿದ್ದು ಊಟದ ಬಿಡುವು ಮುಗಿದು, ಎಲ್ಲರೂ ಮಷೀನಿಗೆ ಕುಳಿತ ಮೇಲೆ. ತಮ್ಮ ದೊಡ್ಡ ಅಪರಾಧ ಇದೇ.

ಚಿಕ್ಕಮ್ಮ ಮೇಜಿನ ಮುಂದೆ ಹೋಗಿ ನಿಂತರು. "ಈಗ್ತಾನೆ ಬಿಡುವು ಮುಗೀತಲ್ಲಮ್ಮ, ಆಗೇನ್ ಮಾಡ್ತಿದ್ದೆ?" ಎಂದು ಸಾಹೇಬರು ವಿಚಾರಿಸಿದರು. ಎಂದೂ ದನಿ ಎತ್ತದ ಚಿಕ್ಕಮ್ಮ, "ಆಗ ಬಂದಿರ್ಲಿಲ್ಲ ಸಾರ್, ಈಗ ಬಂದಿದೆ. ಬೀಗದ ಕೈ ಕೊಡ್ತೀರೋ, ಇಲ್ಲೇ ಕೂತ್ಕೊಳ್ಳಲೋ?" ಎಂದರು. ಹಾಲ್‌ನಲ್ಲಿದ್ದ ಮಷೀನುಗಳು ಒಂದೊಂದಾಗಿ ನಿಂತವು. ಬೀಗದ ಕೈ ಕೊಡಲು ಕೊರಳಿನ ದಾರ ತೆಗೆಯುವಾಗ ಅದು ಸಾಹೇಬರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಲು ಯಾರೂ ಏಳಲಿಲ್ಲ.

ಅಂದು ಸಂಜೆ ಸಾಹೇಬರಿಂದ ಚಿಕ್ಕಮ್ಮನಿಗೆ ಅಪ್ಪಣೆಯಾಯಿತು: "ನಾಳೆಯಿಂದ ಔಷಧಿ ಬಿಡು, ಇಲ್ಲ ಕೆಲಸ ಬಿಡು."

ಆದ್ದರಿಂದ ತಾವು ಬೇಗನೆ ಗಡಿಯಾರ ನೋಡುವುದನ್ನು ಕಲಿತು, ಇನ್ನು ಮುಂದೆ ಬಿಡುವಿನ ಗಂಟೆ ಬಾರಿಸಿದ ಮೇಲೆಯೇ ಒತ್ತಡ ತರಬೇಕೆಂದು ವಿನಂತಿ. ಅದು ಆಗದಿದ್ದರೆ ಇನ್ನೊಂದು ಉಪಕಾರವಾಗಲಿ. ಇಂದು ಬೆಳಿಗ್ಗೆ ಚಿಕ್ಕಮ್ಮ ಎಂದಿನಂತೆ ತಮ್ಮನ್ನು ಕದಡಿ ಕುಡಿದು ಕೆಲಸಕ್ಕೆ ಬಂದಿದ್ದಾರೆ. ನಾನೂ ಕುಡಿದಿದ್ದೇನೆ. ಕಾಲರ್ ಸಾಲಿನವರೆಲ್ಲ ಕುಡಿದಿದ್ದಾರೆ, ತೋಳಿನ ಸಾಲಿನವರು ಡಬ್ಬಿ ಕೇಳಿ ಕಳಿಸಿದ್ದಾರೆ. ದಯವಿಟ್ಟು ನಮಗೆಲ್ಲರಿಗೂ ಒಂದೇ ಗಳಿಗೆಯಲ್ಲಿ ಕರೆ ಕಳುಹಿಸಬೇಕು. ಚಿಕ್ಕಮ್ಮ ಒಬ್ಬರೇ ಆ ಮೇಜಿನ ಮುಂದೆ ನಿಲ್ಲುವುದು ಬೇಡ.

ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು,
ತಮ್ಮ ವಿಶ್ವಾಸಿ,
ಕಾಲರ್ ಸಾಲಿನ ಕೊನೆಯ ಮಷೀನಿನವಳು

ತಾಜಾ ಕಲಂ: ಮಾಲೀಕರಿಗೆ ತಮ್ಮ ಅಗತ್ಯ ಎಂದೂ ಬಿದ್ದಿಲ್ಲವಂತೆ. ಅವರ ಶೌಚಾಲಯಕ್ಕೆ ಇರುವುದು ಒಳಗಿನ ಚಿಲಕ ಮಾತ್ರ.