ದಾರಿ ತಪ್ಪದ ಡಬ್ಬಿ

ಜನಕ್ಕೆ ಬುದ್ಧಿಯಿಲ್ಲ ಎಂಬುದು ಕಾಟಪ್ಪನ ಹಳೆಯ ದೂರು. ಇವತ್ತಿಗೂ ಅವನು ಅದನ್ನು ವಾಪಸು ತೆಗೆದುಕೊಂಡಿಲ್ಲ.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಲ್ಲಿ, ಗಣಿಯ ದಾರಿ ಒಡೆಯುವ ಕ್ರಾಸಿನಲ್ಲಿ, ಅವನ ಹೆಂಡತಿ ಏಕಾಂತಮ್ಮನ ಗರಿ ಹೊದಿಸಿದ ಹೋಟೆಲು. ಅದಿರು ತುಂಬಲು ಆಂಧ್ರದಿಂದ, ತಮಿಳುನಾಡಿನಿಂದ ಬರುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಮುಂದಿನ ಬೆಂಚಿನ ಮೇಲೆ ಖಾಕಿ ಅಂಗಿ ತೊಟ್ಟು, ಸ್ಟೇರಿಂಗು ತಿರುಗಿಸಿ ತಿರುಗಿಸಿ ಅಂಗೈ ಜಡ್ಡುಗಟ್ಟಿದ ಸಾಕ್ಷಾತ್ ಕಾಟಪ್ಪ ಕೂತಿರುತ್ತಿದ್ದ. ಬಂದ ಡ್ರೈವರು ಅವನನ್ನು ಕಂಬ ದಾಟಿದ ಹಾಗೆ ದಾಟಿ ಒಳಗೆ ಹೋಗಿ, ಬಾಣಲೆಯ ಮುಂದಿದ್ದ ಹೆಂಗಸನ್ನು ಕೇಳುತ್ತಿದ್ದ: "ಅಕ್ಕಾ, ಗಣಿಗೆ ಯಾವ ಕಡೆ?"

ಅವಳು ಎಣ್ಣೆ ಸೋರುವ ಜಾಲರಿ ಸೌಟನ್ನೇ ಎತ್ತಿ ದಿಕ್ಕು ತೋರಿಸುತ್ತಿದ್ದಳು. "ಎಡಕ್ಕೆ ಹೋಗಪ್ಪ, ಸೀದಾ ಗೇಟು ಸಿಗ್ತೈತೆ. ಕುಂತ್ಕ, ಬಿಸಿ ಮೆಣಸಿನಕಾಯಿ ಐತೆ."

ಒಬ್ಬನಾದರೂ, ಒಂದು ಸಲವಾದರೂ, ಕಾಟಪ್ಪನನ್ನು ಕೇಳಿದ್ದರೆ ಕೇಳಿ! (ಕೇಳಿದ್ದರೂ ಅವನು "ಕಣ್ಣು ಕುಲ್ಡೇನಲೇ?" ಎಂದೇ ಶುರು ಮಾಡುತ್ತಿದ್ದ. ಅದು ಬೇರೆ ಮಾತು.)

ಹಾಗಂತ ಆ ಹೋಟೆಲನ್ನು ಹಗುರವಾಗಿ ಕಾಣುವಂತಿರಲಿಲ್ಲ. ಸಿಟ್ಟಿನ ದೆಸೆಯಿಂದ ಕಾಟಪ್ಪ ಯಾವ ಸಾಹುಕಾರನ ಹತ್ತಿರವೂ ನೆಟ್ಟಗೆ ನಿಂತವನಲ್ಲ. ಮನೆ ನಡೆಯುತ್ತಿದ್ದುದು ಬಾಣಲೆಯಿಂದ. ಬಾಣಲೆ ನಡೆಯುತ್ತಿದ್ದುದು ದಾರಿ ಗೊತ್ತಿಲ್ಲದವರಿಂದ. ಮೊದಲು ಅಲ್ಲೊಂದು ಊರಿನ ಹೆಸರು ಬರೆದ ಸರ್ಕಾರಿ ಬೋರ್ಡು ಇತ್ತು. ಯಾವುದೋ ಲಾರಿ ಗುದ್ದಿ ಕೆಡವಿದ ಮೇಲೆ ಯಾರೂ ಎತ್ತಿ ನಿಲ್ಲಿಸಲಿಲ್ಲ. ಏಕಾಂತಮ್ಮ ಅದನ್ನು ಎಳೆದು ತಂದು, ಕಲ್ಲಿನ ಮೇಲಿಟ್ಟು ಬೆಂಚು ಮಾಡಿಕೊಂಡಳು. ಬಂದವರು ಹೊಸದುರ್ಗದ ಮೇಲೆ ಕೂತು, "ಹೊಸದುರ್ಗ ಎಲ್ಲಿ?" ಎಂದು ಕೇಳುತ್ತಿದ್ದರು.

ಹೀಗಿರುವಾಗ ಚಿತ್ರದುರ್ಗದ ಲಾರಿ ಮಾಲೀಕ ಶಿವಕುಮಾರಪ್ಪನವರು ಕಾಟಪ್ಪನನ್ನು ಕರೆಸಿ, ಅಂಗೈಯಗಲದ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟರು.

"ಏನಪ್ಪ ಕಾಟಪ್ಪ, ಇವು ಆಕಾಶದಾಗಿರೋ ಉಪಗ್ರಹ ಕೇಳಿ ದಾರಿ ಹೇಳ್ತಾವಂತೆ. ನಮ್ಮ ಅಷ್ಟೂ ಲಾರಿಗೆ ಹಾಕ್ಸಬೇಕು ಅಂತಿದೀನಿ. ಎರಡನ್ನೂ ಓಡ್ಸಿ ನೋಡಿ ಯಾವುದು ಅಂತ ನೀನೇ ಹೇಳು. ನೀನು ಹೇಳಿದ್ದೇ ಆಖೈರು."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕಾಟಪ್ಪ ಅವತ್ತು ಅವರ ಲಾರಿಯಲ್ಲಿ ನ್ಯಾಯಾಧೀಶನಾಗಿ ಮನೆಗೆ ಬಂದ.

ಮೊದಲನೆಯ ಡಬ್ಬಿಯ ವಿಚಾರಣೆಗೆ ಏಕಾಂತಮ್ಮನೂ ಹೊರಟಳು. ಅವಳಿಗೆ ದುರ್ಗದ ಸಂತೆಯಲ್ಲಿ ಕಡಲೆಹಿಟ್ಟು, ಮಂಡಕ್ಕಿ ತರಬೇಕಿತ್ತು. ಡಬ್ಬಿಯೊಳಗಿನ ಹೆಂಗಸು ಹಿಂದಿಯಲ್ಲಿ "ಬಲಕ್ಕೆ" ಎಂದರೆ ಏಕಾಂತಮ್ಮ ಕನ್ನಡದಲ್ಲಿ "ಎಡಕ್ಕೆ" ಎನ್ನುತ್ತಿದ್ದಳು. ಕಾಟಪ್ಪ, ಹೆಂಡತಿಗೆ ವಿರುದ್ಧವಾದದ್ದೆಲ್ಲ ಸತ್ಯವೆಂದು ನಂಬಿದವನು, ಬಲಕ್ಕೇ ತಿರುಗಿಸಿದ. ಅದು ಕಾರಿನ ಡಬ್ಬಿ. ಲಾರಿಯ ಮೈಯಳತೆ ಅದಕ್ಕೇನು ಗೊತ್ತು? ಕೋಟೆಯ ಕೆಳಗಿನ ಓಣಿಗಳಲ್ಲಿ ಸುತ್ತಿಸಿ, ಯಾರದೋ ನಾಮಕರಣದ ಶಾಮಿಯಾನಕ್ಕೆ ಮೂತಿ ತೂರಿಸಿ ನಿಲ್ಲಿಸಿತು. ಶಾಮಿಯಾನ ಲಾರಿಗೆ ಪೇಟದ ಹಾಗೆ ಸುತ್ತಿಕೊಂಡಿತು. ಪಾಯಸದ ಕೈಯಲ್ಲೇ ಎದ್ದು ಬಂದವರ ಬಾಯಿಂದ ಕಾಟಪ್ಪ ತನ್ನ ವಂಶದ ಬಗ್ಗೆ ಅನೇಕ ಹೊಸ ವಿಷಯಗಳನ್ನು ತಿಳಿದುಕೊಂಡ.

"ಎಡಕ್ಕೆ ಅಂದೆ ನಾನು," ಎಂದಳು ಏಕಾಂತಮ್ಮ, ಮಡಿಲ ತುಂಬ ಮಂಡಕ್ಕಿ ಇಟ್ಟುಕೊಂಡು. ಊರು ದಾಟುವವರೆಗೂ ಅದನ್ನೇ ಅಂದಳು.

ವಾಪಸು ಬರುವಾಗ ಎರಡನೆಯ ಡಬ್ಬಿ ಹಚ್ಚಿದರು. ಇದು ಲಾರಿಗೆಂದೇ ಮಾಡಿದ್ದು. ಎತ್ತರ, ಅಗಲ, ತೂಕ ಎಲ್ಲ ಮೊದಲೇ ಕೇಳಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ತಿಳಿದುಕೊಂಡಿತು. ಆಮೇಲೆ ಅದು ಆಡಿದ ಒಂದು ಮಾತೂ ತಪ್ಪಲಿಲ್ಲ. ಏಕಾಂತಮ್ಮ ಬಾಯಿ ತೆರೆಯುವಷ್ಟರಲ್ಲಿ ಅದು ಹೇಳಿ ಮುಗಿಸಿರುತ್ತಿತ್ತು. ಹೊಳಲ್ಕೆರೆ ದಾಟಿತು. ಅವಳದೇ ಹೋಟೆಲಿನ ಗರಿ ದೂರದಲ್ಲಿ ಕಂಡಿತು. ಆಗ ಡಬ್ಬಿ, ಬಜ್ಜಿ ಗಿಜ್ಜಿ ಏನನ್ನೂ ಕೊಳ್ಳಲು ಹೇಳದೆ, ತಣ್ಣಗೆ ಹೇಳಿತು: ಮುಂದೆ ಎಡಕ್ಕೆ, ಸೀದಾ ಗಣಿ ಗೇಟು.

ಏಕಾಂತಮ್ಮ ತುಟಿ ಎರಡು ಮಾಡಲಿಲ್ಲ.

ಮದುವೆಯಾದಂದಿನಿಂದ ಕಾಟಪ್ಪ ಕಾಯುತ್ತಿದ್ದ ಮೌನ ಅದು! "ನೋಡಿದೇನೇ? ನೋಡಿದಾ? ನಿಮ್ಮಪ್ಪನಂಥಾದ್ದು ಹುಟ್ಟೈತೆ ಕಣೆ ಮಿಷಿನ್ನು!" ಎಂದು ಕುಣಿದ.

ಲಾರಿ ಇಳಿದ ಮೇಲೆ ಅವಳು ಮೆಲ್ಲಗೆ ಅಂದಳು: "ಏನ್ರಿ, ಸಾವ್ಕಾರ್ರಿಗೆ ಆ ಮೊದಲನೇದೇ ಚೆನ್ನಾಗೈತೆ ಅನ್ರಿ."

"ಶಾಮಿಯಾನ ಹೊದ್ಕಂಡಿದ್ದು ಮರ್ತೇನೇ?"

"ಅದಕ್ಕೇ ಹೇಳಿದ್ದು. ಪಾಪ, ಅದು ದಾರಿ ತಪ್ಪುತ್ತೆ. ದಾರಿ ತಪ್ಪಿದೋನು ನಿಲ್ಲಿಸ್ತಾನೆ, ಕೇಳ್ತಾನೆ, ಕುಂತ್ಕಂತಾನೆ. ದಾರಿ ಗೊತ್ತಿರೋನು ಯಾಕ್ರಿ ಲಾರಿ ನಿಲ್ಲಿಸ್ತಾನೆ? ನನ್ನ ಬಜ್ಜಿ ರುಚಿಗೆ ಅನ್ಕಂಡ್ರಾ?"

ಬುದ್ಧಿವಂತನಾದವನು ಇಲ್ಲಿಗೆ ಸುಮ್ಮನಾಗುತ್ತಿದ್ದ. ಕಾಟಪ್ಪ ಬೆಂಚನ್ನು ಒದ್ದ. "ನನ್ನ ಹೆಂಡ್ತಿಗೆ ಹೊಟ್ಟೆಕಿಚ್ಚು, ಅದಕ್ಕೆ ಕೆಟ್ಟ ಮಿಷಿನ್ ತಗಳ್ರಿ ಅಂತ ಹೇಳ್ಳಾ? ನ್ಯಾಯ ಅಂದ್ರೆ ನ್ಯಾಯ!"

ನ್ಯಾಯವೇ ಆಯಿತು. ಶಿವಕುಮಾರಪ್ಪನವರ ಲಾರಿಗಳಿಗೆಲ್ಲ ಎರಡನೆಯ ಡಬ್ಬಿ ಬಂತು. ಅವರನ್ನು ನೋಡಿ ಮಿಕ್ಕ ಮಾಲೀಕರೂ ಹಾಕಿಸಿದರು. ಹೊರ ರಾಜ್ಯದವರೂ ಹಾಕಿಸಿದರು. ಲಾರಿಗಳು ಕ್ರಾಸಿನಲ್ಲಿ ಎಡಕ್ಕೆ ಹೊರಳಿ, ಏಕಾಂತಮ್ಮನ ಬಾಣಲೆಗೆ ಕೆಂಪು ಧೂಳು ಉದುರಿಸಿ, ಸೀದಾ ಗಣಿ ಗೇಟಿಗೆ ಹೋಗಿ ನಿಲ್ಲತೊಡಗಿದವು. ಅಲ್ಲಿ ಬೋರಣ್ಣನೆಂಬವನು ತಗಡಿನ ಹೋಟೆಲು ಹಾಕಿದ. ಇತ್ತ ಹಿಟ್ಟು ಕಲಸುವುದು ಕಡಿಮೆಯಾಯಿತು. ಆಮೇಲೆ ಮಧ್ಯಾಹ್ನ ಮಾತ್ರ ಕಲಸಿದಳು. ಒಂದು ದಿನ ಒಲೆಯನ್ನೇ ಹಚ್ಚಲಿಲ್ಲ.

ಅವಳು ಬೈದಿದ್ದರೆ ಕಾಟಪ್ಪ ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಆರಿದ ಒಲೆಯ ಮುಂದೆ ಕೂತು ಜಾಲರಿ ಸೌಟನ್ನು ಸೆರಗಿನಿಂದ ಒರೆಸುತ್ತಿದ್ದಳು. ಅದನ್ನು ನೋಡಲಾರದೆ ಅವನು ರಸ್ತೆಗಿಳಿದು, ಎರಡೂ ಕೈ ಅಗಲಿಸಿ ಲಾರಿಗಳಿಗೆ ಅಡ್ಡ ನಿಂತ.

ಕೆಲವರು ಹಾರ್ನು ಬಾರಿಸಿ ಬಳಸಿಕೊಂಡು ಹೋದರು. ಕೊನೆಗೊಬ್ಬ ತಮಿಳು ಡ್ರೈವರು ನಿಲ್ಲಿಸಿ, ತಲೆ ಹೊರಗೆ ಹಾಕಿ, ಹರುಕು ಕನ್ನಡದಲ್ಲಿ ಕೇಳಿದ: "ಏನು ತಾತಾ, ದಾರಿ ತಪ್ಪಿತಾ?"

"ನಂಗೆ ದಾರಿ? ಲೇ, ಇದು ನನ್ನೂರು! ಇಳಿಯಪ್ಪ, ಟೀ ಕುಡಿದು ಹೋಗು!" ಎಂದು ಕಾಟಪ್ಪ ಕಿರುಚಿದ.

ಡ್ರೈವರು ಹೋಟೆಲಿನತ್ತ ನೋಡಿದ. ಉರಿಯಿಲ್ಲ, ಹೊಗೆಯಿಲ್ಲ. ಬಿಸಿಲಿಗೆ ನೆತ್ತಿ ಕೆಟ್ಟಿರಬೇಕು ಮುದುಕನಿಗೆ ಎಂದು ಮರುಗಿ, ಇಳಿದು ಬಂದು, ರಟ್ಟೆ ಹಿಡಿದು ಕ್ಯಾಬಿನ್ನಿಗೆ ಹತ್ತಿಸಿಕೊಂಡ. ಕಾಟಪ್ಪ ಬೈದ. ಬೈಗುಳ ಆ ಧರ್ಮಾತ್ಮನಿಗೆ ಅರ್ಥವಾಗಲಿಲ್ಲ. ನೇರ ಬೋರಣ್ಣನ ಹೋಟೆಲಿನ ಮುಂದೆ ಇಳಿಸಿ, ನೀರು ಕುಡಿಸಿ, ಟೀ ಹೇಳಿ, ಮುಂದೆ ಬಜ್ಜಿ ಇಟ್ಟ.

ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕಾಟಪ್ಪ ತಿಂದ. ಕುಡಿದ.

"ಏನು ಕಾಟಪ್ಪಣ್ಣ, ಬಡವರ ಹೋಟ್ಲಿಗೆ ಬಂದ್ಬಿಟ್ರಿ!" ಎಂದ ಬೋರಣ್ಣ. ಬರಿ ಅಂದಿದ್ದರೆ ಆಗುತ್ತಿತ್ತು, ಏಕಾಂತಮ್ಮನಿಗೆ ಫೋನನ್ನೂ ಮಾಡಿದ.

ಕಾಟಪ್ಪ ನಡೆದುಕೊಂಡು ವಾಪಸು ಬರುವ ಹೊತ್ತಿಗೆ ಏಕಾಂತಮ್ಮ ಬಾಗಿಲಲ್ಲೇ ನಿಂತಿದ್ದಳು.

"ಬಜ್ಜಿ ಹೆಂಗಿದ್ವು?"

"ಉಪ್ಪು ಜಾಸ್ತಿ."

"ತಟ್ಟೇಲಿ ಒಂದು ಚೂರೂ ಬಿಡ್ಲಿಲ್ವಂತೆ."

ಕಾಟಪ್ಪ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ.

"ಹೋಗ್ಲಿ ಬಿಡ್ರಿ. ಗುರ್ತಿಲ್ಲದೋನು ಕರ್ಕಂಡು ಹೋಗಿ ಟೀ ಕುಡಿಸ್ಯಾನೆ. ಅವನ ಹಂಗು ಇಟ್ಕಬಾರ್ದು. ನಾಳೆ ಆ ಲಾರಿ ನಿಲ್ಲಿಸ್ರಿ, ನಾನು ಒಲೆ ಹಚ್ತೀನಿ."

ಮರುದಿನ ಅವಳು ಹಚ್ಚಿದಳು. ಹಾಲು ಉಕ್ಕಿಸಿದಳು. ಕಾಟಪ್ಪ ತಲೆ ಬಾಚಿಕೊಂಡು, ಹುಚ್ಚನ ಹಾಗೆ ಕಾಣದಿರಲಿ ಎಂದು ಕೈ ಕಟ್ಟಿಕೊಂಡು, ರಸ್ತೆಯ ಬದಿಗೆ ನಿಂತ. ಲಾರಿ ಬಂತು. ಡ್ರೈವರು ಗುರುತು ಹಿಡಿದು, ನೆಟ್ಟಗೆ ನಿಂತ ಮುದುಕನನ್ನು ಕಂಡು ಸಂತೋಷಪಟ್ಟು, "ಸರಿಹೋಯ್ತಾ ತಾತಾ?" ಎಂದು ಕೂಗಿ, ನಗುತ್ತ ಕೈ ಬೀಸಿ ಎಡಕ್ಕೆ ಹೊರಳಿಸಿಕೊಂಡು ಹೋದ. ಆಮೇಲೆ ಆ ಲಾರಿ ಈ ಕಡೆ ಬರಲೇ ಇಲ್ಲ.

ದೀಪಾವಳಿಯ ಹೊತ್ತಿಗೆ ಹೋಟೆಲಿನ ಗರಿ ಇಳಿಸಿದರು. ಆ ಡ್ರೈವರಿಗೆ ಕೊಡಬೇಕಾದ ಒಂದು ಲೋಟ ಟೀ ಇವತ್ತಿಗೂ ಬಾಕಿ.