ಸಿಟ್ಟಿನಲ್ಲಿ ಸೀಳಿದ ಕಟ್ಟಿಗೆ

ಸಿಟ್ಟು ಎಲ್ಲರಿಗೂ ಬರುತ್ತದೆ. ಅದನ್ನು ಎಲ್ಲಿ ಇಳಿಸಬೇಕು ಎನ್ನುವುದೇ ತೊಂದರೆ. ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಉಣ್ಣದೆ ಮುಸುಕು ಹಾಕಿ ಮಲಗುತ್ತಾರೆ, ಇನ್ನು ಕೆಲವರು ಏನೂ ಅರಿಯದ ಎತ್ತಿನ ಬೆನ್ನ ಮೇಲೆ ಬಾರುಕೋಲು ಆಡಿಸುತ್ತಾರೆ. ನಾನು ಕಟ್ಟಿಗೆ ಒಡೆಯುತ್ತಿದ್ದೆ. ನೋಡುವವರಿಗೆ ಇದು ಸಿಟ್ಟೆಂದು ತಿಳಿಯುವುದೇ ಇಲ್ಲ. ಸೊಸೆ ಎಷ್ಟು ದುಡಿಯುತ್ತಾಳೆ ನೋಡು ಎಂದು ಓಣಿಯವರು ಹೊಗಳಿಯೂ ಹೊಗಳುತ್ತಾರೆ. ಸಿಟ್ಟೂ ಇಳಿಯಿತು, ಒಲೆಗೂ ಆಯಿತು, ಹೆಸರೂ ಬಂತು. ಇದಕ್ಕಿಂತ ಲಾಭದ ಸಿಟ್ಟು ಎಲ್ಲಿದೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ನಾನು ಕಿನ್ನಾಳಕ್ಕೆ ಸೊಸೆಯಾಗಿ ಬಂದದ್ದು ನಿಜಾಮರ ಕಾಲದಲ್ಲಿ. ಎಲ್ಲಿಯೋ ದೂರದಲ್ಲಿ ದೊಡ್ಡ ಲಡಾಯಿ ನಡೆದಿದೆ ಎನ್ನುತ್ತಿದ್ದರು. ನಮಗೆ ಅದು ಗೊತ್ತಾಗುತ್ತಿದ್ದದ್ದು ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದಿದ್ದಾಗ ಮಾತ್ರ. ನನ್ನ ತವರು ಕುಷ್ಟಗಿ ಕಡೆಯ ಒಂದು ಹಳ್ಳಿ. ತವರಿನವರೂ ಕಿನ್ನಾಳದವರಂತೆ ಬೊಂಬೆ ಮಾಡುವ ಚಿತ್ರಗಾರರ ಕುಲದವರೇ, ಆದರೆ ಅಜ್ಜನ ಕಾಲದಲ್ಲೇ ಉಳಿ ಬಿಟ್ಟು ನೇಗಿಲು ಹಿಡಿದಿದ್ದರು. ನನ್ನನ್ನು ನೋಡಲು ಬಂದ ದಿನ ಅತ್ತೆ ಹಾಡು ಕೇಳಲಿಲ್ಲ, ರೊಟ್ಟಿ ಬಡಿಯುವುದನ್ನು ಕೇಳಲಿಲ್ಲ. ನನ್ನ ಅಂಗೈಯನ್ನು ಹೊರಳಿಸಿ ನೋಡಿ, “ಕೊಡ್ಲಿ ಹಿಡಿತೀಯೇನ ನಮ್ಮವ್ವಾ?” ಎಂದರು. ನಾನು ತಲೆ ತಗ್ಗಿಸಿಯೇ, “ಹಿಡಿತೀನ್ರಿ” ಎಂದೆ. ಅಷ್ಟಕ್ಕೇ ಮಾತು ಪಕ್ಕಾ ಆಯಿತು. ಅಪ್ಪ ಆಮೇಲೆ ಅವ್ವನ ಹತ್ತಿರ, “ಇವರು ಸೊಸಿ ಹುಡುಕಾಕ ಬಂದಾರೋ, ಕಟ್ಟಿಗಿ ಒಡ್ಯಾಕ ಆಳು ಹುಡುಕಾಕ ಬಂದಾರೋ?” ಎಂದು ಕೇಳಿದ್ದು ನನಗೆ ಕೇಳಿಸಿತ್ತು.

ಬಂದ ಮೇಲೆ ಗೊತ್ತಾಯಿತು. ಆ ಮನೆಯಲ್ಲಿ ನಮ್ಮವರು ಕೊಡಲಿ ಮುಟ್ಟುವಂತಿರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದ ಕಾಲ ಅದು, ಈಗಲೂ ನನಗೆ ಬಾಯಿ ಬರುವುದಿಲ್ಲ, ನಮ್ಮವರು ಎಂದೇ ಹೇಳುತ್ತೇನೆ. ಅವರು ಹಗುರ ಕಟ್ಟಿಗೆಯಲ್ಲಿ ಗೌರಿ, ಗರುಡ, ತೊಟ್ಟಿಲ ಮೇಲಿನ ಗಿಳಿ ಎಲ್ಲ ಕೆತ್ತಿ ಬಣ್ಣ ಹಾಕುತ್ತಿದ್ದರು. ಗೌರಿಯ ರೆಪ್ಪೆಗೂದಲು ಬರೆಯುವ ಆ ಕೈಯನ್ನು ಅತ್ತೆ ಹಾಲುಗಲ್ಲದ ಕೂಸಿನಂತೆ ಕಾಯುತ್ತಿದ್ದರು. ಸಣ್ಣ ಉಳಿ ಹಿಡಿದರೆ ಪರವಾಗಿಲ್ಲ, ಅದು ಕುಲದ ಕೆಲಸ. ಆದರೆ ಉಳ್ಳಾಗಡ್ಡಿ ಹೆಚ್ಚಬಾರದು, ಬಾವಿಯ ಹಗ್ಗ ಜಗ್ಗಬಾರದು, ಭಾರದ ಬಾಗಿಲನ್ನು ಕೂಡ ತಾವೇ ಮುಚ್ಚಬಾರದು. ಕೊಡಲಿಯನ್ನಂತೂ ಅವರ ಕಣ್ಣಿಗೆ ಬೀಳದಂತೆ ಹಿತ್ತಲ ಬಣವೆಯ ಹಿಂದೆ ಇಡಲಾಗಿತ್ತು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ಕಟ್ಟಿಗೆ ಒಡೆಯುವ ಗಂಡಾಳು ಆ ಮನೆಯಲ್ಲಿ ನಾನೇ.

ಒಡೆಯುವುದು ನನಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಅತ್ತೆಯದು. ನಾನು ಹಿತ್ತಲಿಗೆ ಹೋದರೆ ಸಾಕು, ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಕೂತವರು ಸುಮ್ಮನೆ ಇರಬೇಕಲ್ಲ! “ಕೊಡ್ಲಿ ಕಾವು ನೀರಾಗ ಅದ್ದೀಯೇನು? ಒಣಗಿದ್ರ ಅಲಗು ಹಾರತೈತಿ.” ಅದ್ದಿದ್ದೀನ್ರಿ. “ಸೀರಿ ಕಚ್ಚಿ ಮ್ಯಾಲೆ ಕಟ್ಟು.” ಕಟ್ಟೀನ್ರಿ. “ಕಾಲು ಅಗಲ ಇಡು. ಎದುರಿಗೆ ಕೋಳಿ ಬಂತು ನೋಡು, ಅದನ್ನ ಓಡಿಸಿ ಹೊಡಿ.” ಕೋಳಿಯನ್ನು ಓಡಿಸಿ ಬರುವಷ್ಟರಲ್ಲಿ ಇನ್ನೊಂದು ಮಾತು ಸಿದ್ಧವಾಗಿರುತ್ತಿತ್ತು. ತವರಿನಲ್ಲಿ ಲಂಗ ಉಡುವ ಕಾಲದಿಂದ ಕೊಡಲಿ ಹಿಡಿದವಳಿಗೆ, ಹುಟ್ಟಿದಾಗಿನಿಂದ ಕೊಡಲಿ ಹಿಡಿಯದ ಈ ಮುದುಕಿ ಹೇಳಿಕೊಡುವುದೆಂದರೆ! ನನ್ನ ಕೆಲಸದ ಮೇಲೆ ಕಾವಲು ಕೂತಿದ್ದಾರೆ ಎಂದೇ ನಾನು ತಿಳಿದುಕೊಂಡಿದ್ದೆ. ಸೊಸೆ ಉತ್ತರ ಕೊಡುವಂತಿಲ್ಲ. ಉತ್ತರವೆಲ್ಲ ತೋಳಿಗೆ ಇಳಿಯುತ್ತಿತ್ತು. ಅವರು ಒಂದು ಮಾತು ಅಂದರೆ ನಾನು ಒಂದು ಕೊರಡು ಸೀಳುತ್ತಿದ್ದೆ.

ಪಡಸಾಲೆಯಲ್ಲಿ ಬೊಂಬೆಗೆ ಬಣ್ಣ ಹಾಕುತ್ತ ಕೂತ ನಮ್ಮವರಿಗೆ ಇದು ಸಪ್ಪಳದಲ್ಲೇ ತಿಳಿಯುತ್ತಿತ್ತು. ಉಣ್ಣಲು ಕೂತಾಗ ಮೆಲ್ಲಗೆ, “ಇವತ್ತು ಅವ್ವ ಭಾಳ ಅಂದ್ಳೇನ? ಒಂದೊಂದು ಏಟಿಗೆ ಒಂದೊಂದು ತುಂಡು ಬೀಳತಿತ್ತು” ಎನ್ನುತ್ತಿದ್ದರು. ನಾನು, “ಒಣ ಕಟ್ಟಿಗಿ ಇತ್ರಿ” ಎನ್ನುತ್ತಿದ್ದೆ.

ಆ ದಿನ ಕಟ್ಟಿಗೆ ಒಣಗಿರಲಿಲ್ಲ. ಮೊದಲ ಮಳೆ ಬಿದ್ದು ಜಾಲಿಯ ಕೊರಡುಗಳು ತೊಯ್ದಿದ್ದವು. ಬೆಳಿಗ್ಗೆ ನೆರೆಮನೆಯಾಕೆ ಬಂದಾಗ ಅತ್ತೆ ನನ್ನ ದಪ್ಪ ರೊಟ್ಟಿಯನ್ನು ಎತ್ತಿ ತೋರಿಸಿ, “ನೋಡವ್ವಾ, ಬಂಡಿ ಗಾಲಿ ಮುರಿದ್ರ ಚಿಂತಿಲ್ಲ ನಮಗ” ಎಂದು ನಕ್ಕಿದ್ದರು. ನೆರೆಯಾಕೆಯೂ ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ತವರಿನಲ್ಲಿ ಹೊಲಕ್ಕೆ ಹೋಗುವವರಿಗೆ ಬಡಿದ ಕೈ ಅದು, ಎರಡು ತಿಂದರೆ ಸಂಜೆಯವರೆಗೆ ಹಸಿವು ಹತ್ತಿರ ಸುಳಿಯಬಾರದು. ಈ ಮಾತನ್ನು ಅವರಿಗೆ ಹೇಗೆ ಹೇಳಬೇಕು, ಎಷ್ಟು ಚುಚ್ಚುವಂತೆ ಹೇಳಬೇಕು ಎಂದು ಮನಸ್ಸಿನಲ್ಲೇ ಕೂಡಿಸುತ್ತ ಹಿತ್ತಲಿಗೆ ಹೋದೆ. ಕಾವು ನೀರಿನಲ್ಲಿ ಅದ್ದಿದೆನೋ ಇಲ್ಲವೋ ನೆನಪಿಲ್ಲ. ಕಾಲು ಅಗಲ ಇಟ್ಟಿರಲಿಲ್ಲ, ಅದು ಮಾತ್ರ ಚೆನ್ನಾಗಿ ನೆನಪಿದೆ. ಅತ್ತೆ ಕಟ್ಟೆಯ ಮೇಲೆ ಕೂತು, “ಏ ಗಂಗವ್ವಾ, ಅದರಾಗ ಗಂಟೈತಿ, ಅದನ್ನ ಬಿಡು, ಬ್ಯಾರೇದು ತಗೋ” ಎಂದರು. ಬೆಳಗಿನಿಂದ ಕೂಡಿಸಿಟ್ಟ ಉತ್ತರ ಆಗಲೇ ಬಾಯಿಗೆ ಬಂತು. ಕೊಡಲಿ ಮೇಲೆತ್ತಿದವಳು ಹೇಳಲೆಂದು ಮುಖವನ್ನು ಅವರ ಕಡೆ ತಿರುಗಿಸಿದೆ. ಕೊಡಲಿ ನನಗಾಗಿ ಕಾಯಲಿಲ್ಲ. ಹಸಿ ಗಂಟಿನ ಮೇಲೆ ಜಾರಿ ಬಂದು ನನ್ನ ಎಡಗಾಲಿನ ಪಾದಕ್ಕೆ ಇಳಿಯಿತು.

ನೋವಿಗಿಂತ ಮೊದಲು ಕಂಡದ್ದು ಅತ್ತೆ. ಆ ವಯಸ್ಸಿನಲ್ಲಿ ಕಟ್ಟೆಯಿಂದ ಅವರು ಹೇಗೆ ಹಾರಿದರೋ! ಒಂದು ಬೈಗುಳವಿಲ್ಲ, ನಾ ಹೇಳಲಿಲ್ಲೇನು ಎಂಬ ಮಾತಿಲ್ಲ. ಉಟ್ಟ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದು, ನನ್ನ ಪಾದಕ್ಕೆ ಸುತ್ತಿ, ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಿ ಹಿಡಿದು ಮಗನನ್ನು ಕೂಗಿದರು. ನಮ್ಮವರು ಕೈಯಲ್ಲಿ ಕುಂಚ ಹಿಡಿದೇ ಓಡಿ ಬಂದರು. ದಿನವೂ ಕೆಂಪು ಬಣ್ಣದಲ್ಲಿ ಕೈ ಅದ್ದುವ ಮನುಷ್ಯ, ನನ್ನ ರಕ್ತ ನೋಡಿ ಗೋಡೆ ಹಿಡಿದು ಕೂತರು. “ಕುಂದ್ರಬ್ಯಾಡೋ, ಹುಸೇನಸಾಬನ ಬಂಡಿ ಹೂಡಸು ಹೋಗು, ಜಲ್ದಿ!” ಎಂದು ಅತ್ತೆ ಗದರಿದ ಮೇಲೆಯೇ ಅವರ ಕಾಲಿಗೆ ಜೀವ ಬಂದದ್ದು. ಹುಸೇನಸಾಬ ಪಕ್ಕದ ಓಣಿಯವನು, ಬಾಡಿಗೆಗೆ ಬಂಡಿ ಹೊಡೆಯುವವನು. ಕೊಪ್ಪಳದ ದವಾಖಾನೆಯವರೆಗೆ ಅತ್ತೆ ನನ್ನ ಕಾಲನ್ನು ತೊಡೆಯ ಮೇಲಿಂದ ಇಳಿಸಲಿಲ್ಲ, ಒತ್ತಿದ ಕೈ ಸಡಿಲಿಸಲಿಲ್ಲ. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ನಾನು ಚೀರುತ್ತಿದ್ದೆ. ಅವರು ಹುಸೇನಸಾಬನನ್ನು ಬೈಯುತ್ತಿದ್ದರು. ಅವನು ಪಾಪ, “ರಸ್ತಾ ನಾ ಮಾಡಿಲ್ಲಬೇ” ಎನ್ನುತ್ತಿದ್ದ.

ದವಾಖಾನೆಯ ಡಾಕ್ಟರ ಸಾಹೇಬರು ಉರ್ದು ಮಾತಾಡುವವರು. ಗಾಯ ನೋಡಿದರು, ರಕ್ತದಲ್ಲಿ ತೊಯ್ದ ಅತ್ತೆಯ ಸೀರೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಹುಸೇನಸಾಬನಿಗೆ ಏನೋ ಹೇಳಿದರು. ಅವನು ತಡವರಿಸುತ್ತ ನನ್ನತ್ತ ತಿರುಗಿ, “ತಂಗೀ, ಸಾಹೇಬರು ಕೇಳ್ತಾರ, ಯಾರು ಹೊಡದ್ರು ಅಂತ. ಅಂಜಬ್ಯಾಡ, ಖರೇ ಹೇಳು ಅಂತಾರ” ಎಂದ. ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಅಂಥ ನೋವಿನಲ್ಲೂ ನನ್ನ ಮನಸ್ಸಿನಲ್ಲಿ ಒಂದು ಗಳಿಗೆ ರೊಟ್ಟಿಯ ಮಾತು ಹಾದುಹೋಯಿತು ಎಂದರೆ ಸುಳ್ಳಲ್ಲ. ಆದರೆ ಆ ಮುದುಕಿಯ ಕೈ ಇನ್ನೂ ನನ್ನ ಪಾದದ ಮೇಲೆಯೇ ಇತ್ತು. “ಜಾಲಿ ಗಂಟ್ರಿ ಸಾಹೇಬ್ರ, ಮತ್ಯಾರೂ ಅಲ್ಲ” ಎಂದೆ. ಸಾಹೇಬರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಎಲುಬಿಗೆ ತಾಕಿಲ್ಲ ಎಂದು ಹೇಳಿ ಹೊಲಿಗೆ ಹಾಕಿದರು, ಹಾಕುವಾಗ ನಡುನಡುವೆ ಅತ್ತೆಯನ್ನು ದುರುಗುಟ್ಟಿ ನೋಡಿದರು.

ತಿರುಗಿ ಬರುವಾಗ ನಮ್ಮವರು ಬಂಡಿಯ ಮುಂದೆ ಹುಸೇನಸಾಬನ ಪಕ್ಕ ಕೂತಿದ್ದರು. ಅತ್ತೆ ನನಗಷ್ಟೇ ಕೇಳುವಂತೆ ಮಾತಾಡಿದರು. ಮಾವನ ಬಲಗೈಯ ಹೆಬ್ಬೆರಳು ಕೊಡಲಿಯ ಏಟಿಗೆ ಹೋಗಿತ್ತಂತೆ, ಅದೇ ಹಿತ್ತಲಿನಲ್ಲಿ. “ಒಲಿ ಮುಂದ ಕುಂತು ಕಟ್ಟಿಗಿ ಇಲ್ಲ, ಕಟ್ಟಿಗಿ ಇಲ್ಲ ಅಂತ ಒದರಿದಾಕಿ ನಾನ. ಅವರು ಬರಿಯೂದು ಬಿಟ್ಟು ಎದ್ದು ಹೋದ್ರು. ಸಿಟ್ಟಿನ್ಯಾಗ ಹೋದ್ರು. ನಾ ಒಳಗ ರೊಟ್ಟಿ ಬಡೀತಿದ್ದೆ, ಹೊರಗ ಬಂದು ನೋಡಲಿಲ್ಲ. ಆ ಮ್ಯಾಲೆ ಅವರ ಕೈಯಾಗ ಕುಂಚ ನಿಲ್ಲಲಿಲ್ಲವ್ವಾ. ಮಗಗ ಬರೀ ಬಾಯಿಲೆ ಹೇಳಿ ಕಲಿಸಿದ್ರು. ಇದು ನಿನ್ನಿಂದಾತು ಅಂತ ಒಂದಿನಾನೂ ಅನಲಿಲ್ಲ. ಅಂದಿದ್ರ ಛಲೋ ಇತ್ತು.” ಆಮೇಲೆ ನನ್ನ ಕಡೆ ತಿರುಗಿ, “ನೀ ಏನ ತಿಳಕೊಂಡಿದ್ದಿ? ನಿನ್ನ ಕೆಲಸ ನೋಡಾಕ ಕುಂದರತಿದ್ದೆ ಅಂತೇನು? ನಿನ್ನ ಕಾಲು ನೋಡಾಕ ಕುಂದರತಿದ್ದೆ” ಎಂದರು. ಬೆಳಗಿನಿಂದ ಕೂಡಿಸಿಟ್ಟಿದ್ದ ಉತ್ತರದಲ್ಲಿ ಒಂದಕ್ಷರವೂ ಇದಕ್ಕೆ ಹೊಂದುವಂತಿರಲಿಲ್ಲ. ಅವರ ಹರಿದ ಸೆರಗಿನ ತುದಿ ಹಿಡಿದುಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದವಳಿಗೆ ಹಿತ್ತಲಲ್ಲಿ ಗದ್ದಲ ಕೇಳಿಸಿತು. ಹೊರಳಿ ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ತಾವೇ ಕೊಡಲಿ ಎತ್ತಿದ್ದರು. ನಮ್ಮವರು ಅದನ್ನು ಕಸಿದುಕೊಳ್ಳಲು ಹೋಗಿದ್ದರು. ಇಬ್ಬರೂ ಕಾವನ್ನು ಹಿಡಿದು ಜಗ್ಗುತ್ತಿದ್ದಾರೆ. ಅಲಗು ಯಾವ ಕಡೆ ಇದೆಯೋ ಎಂದು ನನಗೆ ಒಳಗೇ ಜೀವ ಹೋದಂತಾಯಿತು. “ಬಿಡೋ, ನಿನ್ನ ಬೆರಳು!” “ಬಿಡಬೇ, ನಿನಗ ನಡಾ ಎತ್ತಾಕ ಬರೂದಿಲ್ಲ.” “ನಿನ್ನ ಬೆರಳು ಅಂದ್ರ ಏನು ಅಂತ ತಿಳದಿದ್ದಿ?” ಆಗ ನಮ್ಮವರು, ಎಂದೂ ಗಟ್ಟಿಯಾಗಿ ಮಾತಾಡದವರು, ಓಣಿಗೆಲ್ಲ ಕೇಳುವಂತೆ ಕೂಗಿದರು: “ಯವ್ವಾ, ನನ್ನ ಬೆರಳಷ್ಟ ಬೆರಳೇನು? ಆಕಿ ಕಾಲು ಕಾಲಲ್ಲೇನು?”

ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಕೊಡಲಿ ಬಿಟ್ಟು ಕಟ್ಟೆಯ ಮೇಲೆ ಹೋಗಿ ಕೂತರು. ಸಣ್ಣ ದನಿಯಲ್ಲಿ, “ಕಾವು ನೀರಾಗ ಅದ್ದು” ಎಂದರು.

ನಮ್ಮವರು ಕಟ್ಟಿಗೆ ಒಡೆಯುವುದನ್ನು ನೋಡಲು ಓಣಿಯೇ ಬಂದಿತು. ಅವರು ಕೊರಡನ್ನು ಬೊಡ್ಡೆಯ ಮೇಲಿಟ್ಟು ಅದರ ಸುತ್ತ ತಿರುಗಿ ಬಂದರು. ಕೂತು ನೋಡಿದರು, ಎದ್ದು ನೋಡಿದರು. ಬೆರಳಿನಿಂದ ಸವರಿ ಕಟ್ಟಿಗೆಯ ಎಳೆ ಯಾವ ಕಡೆ ಹೋಗಿದೆ ಎಂದು ಹುಡುಕಿದರು. ಸುಣ್ಣದಿಂದ ಒಂದು ಗೆರೆ ಎಳೆದರು. ಗೆರೆ ಸೊಟ್ಟಗಾಯಿತೆಂದು ಅಳಿಸಿ ಮತ್ತೆ ಎಳೆದರು. ನೋಡುತ್ತಿದ್ದ ಹುಸೇನಸಾಬ, “ಅದಕ್ಕ ಕಣ್ಣು ಬರಿಯೂದು ಯಾವಾಗಪಾ?” ಎಂದು ಕೇಳಿದ. ಕೊನೆಗೆ ಎಲ್ಲರನ್ನೂ ದೂರ ನಿಲ್ಲಿಸಿ ಕೊಡಲಿ ಎತ್ತಿದರು. ಮೊದಲ ಏಟು ಬೊಡ್ಡೆಗೆ, ಎರಡನೆಯದು ಮಣ್ಣಿಗೆ. ಆಮೇಲಿನದು ಗೆರೆಯ ಮೇಲೆ. ಹೀಗೆ ಒಲೆ ಹೊತ್ತುವಷ್ಟು ಕಟ್ಟಿಗೆ ಆಗುವಾಗ ಸೂರ್ಯ ನೆತ್ತಿಗೆ ಬಂದಿದ್ದ. ತುಂಡುಗಳೆಲ್ಲ ಒಂದೇ ಅಳತೆ, ಒಂದೇ ದಪ್ಪ. ಜಾತ್ರೆಯಲ್ಲಿ ಇಟ್ಟರೆ ಮಾರಾಟವಾಗುವಂತಿದ್ದವು. ಅತ್ತೆಗೆ ಅವುಗಳನ್ನು ಸುಡಲು ಮನಸ್ಸೇ ಬರಲಿಲ್ಲ. ಆದರೆ ನಾನು ಏಳುವವರೆಗೂ ನಮ್ಮವರಿಗೆ ಒಂದು ಚೂರು ಗಾಯವಾಗಲಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು.

ಕಾಲು ವಾಸಿಯಾಯಿತು. ಸಣ್ಣಗೆ ಕುಂಟು ಉಳಿಯಿತು, ಮೋಡವಾದರೆ ಈಗಲೂ ಸೆಳೆಯುತ್ತದೆ. ಆಮೇಲೆ ಕೊಡಲಿ ನಮ್ಮಿಬ್ಬರದೂ ಆಯಿತು, ಒಂದು ದಿನ ನಾನು, ಒಂದು ದಿನ ನಮ್ಮವರು. ಸಿಟ್ಟು ಬಂದಾಗ ಕೊಡಲಿ ಮುಟ್ಟುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಇದರಲ್ಲಿ ಇರುವ ತೊಡಕು ನನಗೆ ಆಗ ಹೊಳೆದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅತ್ತೆಗೂ ನನಗೂ ಮತ್ತೆ ಹತ್ತಿಕೊಂಡಿತು. ಸಾರಿಗೆ ಉಪ್ಪು ಹೆಚ್ಚು ಹಾಕಿದ್ದು ಯಾರು ಎಂಬುದರ ಮೇಲೆ. ಕಾಲು ತಾನಾಗಿ ಹಿತ್ತಲಿಗೆ ನಡೆಯಿತು, ಕೈ ಕೊಡಲಿಯ ಮೇಲೆ ಹೋಯಿತು. ಬೇಡವೆಂದು ಕೊಡಲಿ ಅಲ್ಲೇ ಬಿಟ್ಟು ಒಳಗೆ ಬಂದೆ. ಒಳಗೆ ಬಂದವಳ ಹತ್ತಿರ ಬಾಯಿ ಬಿಟ್ಟರೆ ಬೇರೆ ಆಯುಧವಿರಲಿಲ್ಲ. ಅತ್ತೆಯ ಎದುರು ನಿಂತು, ಮದುವೆಯಾದಂದಿನಿಂದ ನುಂಗಿಕೊಂಡಿದ್ದನ್ನೆಲ್ಲ ರೊಟ್ಟಿಯಿಂದ ಹಿಡಿದು ಒಂದೂ ಬಿಡದೆ ಹೇಳಿಬಿಟ್ಟೆ. ಅವರು ಬೆರಗಾಗಿ, “ಇಷ್ಟು ದಿನ ಇದನ್ನೆಲ್ಲಾ ಎಲ್ಲಿ ಇಟ್ಟಿದ್ದೆವ್ವಾ?” ಎಂದರು. “ಕಟ್ಟಿಗ್ಯಾಗ್ರಿ” ಎಂದೆ. ಅವರಿಗೆ ನಗು ಬಂತು, ನನಗೂ ಬಂತು. ಆದರೆ ನಕ್ಕ ಮಾತ್ರಕ್ಕೆ ಅವರು ಬಿಡುವವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮ ಕಡೆಯದನ್ನು ಮೊದಲಿನಿಂದ ಶುರು ಮಾಡಿದರು. ಅದರಲ್ಲಿ ಅರ್ಧ ನಿಜವಿತ್ತು. ಅದನ್ನು ಒಪ್ಪುವುದಕ್ಕೇ ನನಗೆ ಬಹಳ ಹೊತ್ತು ಹಿಡಿಯಿತು.

ನಾವು ಮುಗಿಸಿ ನೋಡಿದರೆ ಒಲೆ ತಣ್ಣಗೆ ಕೂತಿತ್ತು, ಒಂದು ಪುಳ್ಳೆಯೂ ಮನೆಯಲ್ಲಿರಲಿಲ್ಲ. ಆ ದಿನ ಕಟ್ಟಿಗೆಯ ಪಾಳಿ ನನ್ನದು. ನಮ್ಮವರು ಹಸಿದ ಮುಖ ಹೊತ್ತು ಹಿತ್ತಲಿಗೆ ನಡೆದರು, ಸುಣ್ಣದ ತುಂಡು ಕೇಳಿದರು. ಅವರು ಮೊದಲ ಕೊರಡಿನ ಸುತ್ತ ತಿರುಗುತ್ತಿರುವಾಗ ಅತ್ತೆಯೂ ನಾನೂ ಕಟ್ಟೆಯ ಮೇಲೆ ಒತ್ತೊತ್ತಿಗೆ ಕೂತು, ನಿನ್ನೆಯ ಒಣರೊಟ್ಟಿಯನ್ನು ಮುರಿದು ಹಂಚಿಕೊಂಡು ಮೆಲ್ಲುತ್ತಿದ್ದೆವು. ಅದು ನನ್ನ ಕೈಯದು. ಮುರಿಯಲು ನಮ್ಮಿಬ್ಬರ ಬಲವೂ ಬೇಕಾಯಿತು.